ಅಪ್ಪಣೆ ತಲುಪದ ಕೈ

“ಕಾಕುಗೆ ಯಾವಾಗಿಂದ ಹಿಂಗಾಗ್ಲಿಕತ್ತದ ಕಾಕಾ?” ಎಂದು ಡಾಕ್ಟರ್ ಅಂಜುಮ ಕೇಳಿದಳು.

“ಹೋದ ವಾರದಿಂದ್ರಿ” ಅಂದುಬಿಟ್ಟ ಭೀಮರಾಯ.

ಸುಳ್ಳು. ಏಳು ತಿಂಗಳಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಇಂದ್ರಾಬಾಯಿ ಜಾರುತ್ತಿದ್ದ ಬಲಗೈಯನ್ನು ಎಡಗೈಯಿಂದ ಮಡಿಲಿಗೆ ಎತ್ತಿಟ್ಟುಕೊಂಡಳು.

ಡಾಕ್ಟರ್ ಕಲಬುರಗಿ ಕಡೆಯ ಹುಡುಗಿ. ಪರನಾಡಿನಲ್ಲಿ, ಸಯನ್ನಿನ ಆ ದವಾಖಾನೆಯಲ್ಲಿ, ಕನ್ನಡ ಕಿವಿಗೆ ಬಿದ್ದರೆ ಸಾಕು, ಕುರ್ಚಿ ಎಳೆದುಕೊಂಡು ಕೂಡುವಳು. ಮಿದುಳಿನ ಫೋಟೊದ ಬಿಳಿ ಕಲೆಗಳನ್ನು ಪೆನ್ನಿನಿಂದ ತೋರಿಸಿದಳು.

“ನರದ ಎಳಿ ಒಂದೇ ಇರಂಗಿಲ್ಲ ಕಾಕಾ. ಅದರ ಬಗಲಾಗ ಬ್ಯಾರೆ ಜೀವಕೋಶ ಇರ್ತಾವ, ಗ್ಲಿಯಾ ಅಂತಾರ. ಎಳಿ ‘ನನಗ ಕೆಲಸ ಭಾಳ ಅದ’ ಅಂತ ಸುಳಿವು ಕೊಡ್ತದ. ಇವು ಕೇಳಿಸ್ಕೊಂಡು ಅದಕ್ಕ ಕೊಬ್ಬಿನ ಪದರ ಸುತ್ತತಾವ, ಉಣಸ್ತಾವ. ಆಗ ಸುದ್ದಿ ಜಿಗಿಜಿಗಿದು ಓಡ್ತದ. ಕಾಕುಗೆ ಆ ಪದರ ಅಲ್ಲಲ್ಲಿ ಹರದದ. ‘ಹಿಡಿ’ ಅಂತ ಮಿದುಳು ಹೇಳಿದ್ರೂ ಕೈಗೆ ಮುಟ್ಟಂಗಿಲ್ಲ.”

“ಅಂದ್ರ... ಬೇಕಂತ ಬೀಳಸಿದ್ದಲ್ಲ?”

“ಬೇಕಂತ ಯಾರ ಬೀಳಸ್ತಾರ?”

ಭೀಮರಾಯ ಕೂಲಿಯಾಳುಗಳ ಮುಕಾದಮ. ಏಳು ತಿಂಗಳ ಹಿಂದೆ ಕಾಂದಿವಲಿಯಲ್ಲಿ ಸ್ಲ್ಯಾಬ್ ಹಾಕುವ ದಿನ ಇಪ್ಪತ್ತು ಜನ ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಘಮೇಲಾ ಎಂಬ ಕಬ್ಬಿಣದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇಂದ್ರಾಬಾಯಿಯ ಕೈಯಲ್ಲಿ ಮಾತ್ರ ಅದು ನಿಲ್ಲಲಿಲ್ಲ. ಮೂರನೇ ಸಲ ಗಾರೆ ಕೆಲಸದ ಗೌಂಡಿ ಸಂತುವಿನ ಹೆಗಲ ಮೇಲೇ ಬಿತ್ತು. “ಮುಕಾದಮನ ಹೇಣ್ತಿ ಹಾಕ್ಕೊಂಡು ಬರ್ತಾಳೇನೋ!” ಎಂದು ಯಾರೋ ನಕ್ಕರು. ಭೀಮರಾಯನ ಪಿತ್ತ ನೆತ್ತಿಗೇರಿತು. ಆ ಸಂಜೆ ಜೋಪಡಿಗಳ ನಡುವೆ, ಎಲ್ಲರೆದುರು, ಯಲ್ಲಮ್ಮನ ಭಂಡಾರವನ್ನು ಅವಳ ಬಲಗೈಗೆ ಸುರಿದು, “ಕುಡದಿಲ್ಲಂತ ಆಣಿ ಮಾಡು” ಅಂದ. ಮಾತು ಮುಗಿಯುವ ಮೊದಲೇ ಬೆರಳು ಸಡಿಲಾಗಿ ಅರಿಶಿನವೆಲ್ಲ ನೆಲದ ಪಾಲಾಯಿತು. ದೇವಿಯೇ ತೀರ್ಪು ಕೊಟ್ಟಳು ಎಂದರು ಜನ. ಅವನೂ ಅಂದ. ಅಂದಿನಿಂದ ಹೆಂಗಸರು ಅವಳ ಜೊತೆ ಮಾತು ಬಿಟ್ಟರು.

“ಇದು ಮೊದಲನೇ ಸಲನೋ, ಹಿಂದೂ ಆಗಿತ್ತೋ ಅನ್ನೋದರ ಮ್ಯಾಲೆ ಔಷಧ ಬದಲಾಗ್ತದ. ಖರೆ ಹೇಳ್ರಿ ಕಾಕಾ” ಎಂದಳು ಡಾಕ್ಟರ್.

ಹೇಳಿದ. ಏಳು ತಿಂಗಳು, ಘಮೇಲಾ, ಆಣೆ, ಎಲ್ಲ. ತನ್ನ ದನಿ ತನಗೇ ಹೇಸಿಗೆ ಅನ್ನಿಸಿತು.

“ಅವತ್ತು ಕೈ ನಡಗ್ತಿತ್ತೋ, ಜೋಮು ಹಿಡದಿತ್ತೋ?”

ಭೀಮರಾಯನಿಗೆ ಗೊತ್ತಿರಲಿಲ್ಲ. ಅವತ್ತು ಅವನು ನೆಲಕ್ಕೆ ಬಿದ್ದ ಅರಿಶಿನವನ್ನಷ್ಟೇ ನೋಡಿದ್ದ, ಅವಳ ಕೈಯನ್ನಲ್ಲ.

“ಮುಂಗೈ ಅದನೋ ಇಲ್ಲೋ ಅನ್ನಂಗ ಆಗಿತ್ತವ್ವಾ. ಆವತ್ತೇ ಹೇಳಿದ್ದೆ. ನಾಟಕ ಮಾಡ್ತಿ ಅಂದ್ರು” ಎಂದಳು ಇಂದ್ರಾಬಾಯಿ.

ಹೊರಗೆ ಬಂದವನೇ ಅವನು ಫೋನ್ ತೆಗೆದು ಸಂತುವಿನ ನಂಬರು ಒತ್ತಿದ. “ಸ್ಪೀಕರ್ ಹಚ್ಚಲಾಕ ಹೇಳ್ತೀನಿ. ತಪ್ಪು ನಂದೇ ಅಂತ ಎಲ್ಲಾರೂ ಕೇಳ್ಲಿ.”

ಇಂದ್ರಾಬಾಯಿ ಗೋಡೆ ಹಿಡಿದು ನಿಂತಳು. “ಫೋನಿನಾಗ ಬ್ಯಾಡ. ನಾನೂ ಇರ್ತೀನಿ. ಮಂದಿ ಮಾರಿ ನೋಡಿ ಹೇಳ್ರಿ.”

“ಹಲೋ ಮುಕಾದಮಾ?” ಎಂದ ಸಂತು ಆ ಕಡೆಯಿಂದ.

“ಸಂಜಿಕ ಯಾರೂ ಎಲ್ಲೂ ಹೋಗಬ್ಯಾಡ್ರಿ” ಎಂದಷ್ಟೇ ಹೇಳಿ ಭೀಮರಾಯ ಫೋನ್ ಇಟ್ಟ. ಸಂಜೆಗೆ ಇನ್ನೂ ನಾಲ್ಕು ತಾಸಿತ್ತು.