ಆ ಕಡೆಯ ತುದಿ

ಮತ್ತೆ ಅದೇ ಕರಕರ, ಬಿಸ್ಕತ್ತಿನ ಸದ್ದು, ಹಲ್ಲಿನ ಡಾಕ್ಟರಿಗೇ ಬಾಯಿ ಮುಚ್ಚಿ ಅಗಿಯಲು ಬರುವುದಿಲ್ಲವೆಂದರೆ ಊರವರ ಹಲ್ಲುಗಳ ಗತಿ ಏನು, ಒಂದು ಚೂರು ಅವರ ಕೊರಳಿನ ಹೆಸರಿನ ಬಿಲ್ಲೆಯ ಮೇಲೆ ಬಿದ್ದು ಅಲ್ಲಿಂದ ಜಾರಿ ಅವಳ ಕಥೆಯ ಮೂರನೇ ಪುಟದಲ್ಲಿ ಕೂತಿತು, ಅದನ್ನು ಹೆಬ್ಬೆರಳಿನಿಂದ ಒರೆಸಿ ಜಿಡ್ಡಿನ ಗುರುತು ಮಾಡಿ, ಅಬ್ಬಬ್ಬಾ ಈ ಹೆಂಗಸಿನ ಒಂಟಿತನ ನೋಡಿ, ಅಷ್ಟು ದೊಡ್ಡ ಲಾಂಡ್ರೀಲಿ ಒಬ್ಬಳೇ, ನಂಗಂತೂ ಎದೆ ಹಿಂಡಿಬಿಡ್ತು, ಎನ್ನುತ್ತಿದ್ದಾರೆ ಡಾಕ್ಟರು, ಎದೆ ಹಿಂಡಿದವರು ಐದನೇ ಬಿಸ್ಕತ್ತಿಗೆ ಕೈ ಹಾಕುತ್ತಾರೆಯೇ — ಅನ್ನಬೇಕು, ಈಗಲೇ ಅನ್ನಬೇಕು, ನಾಲಿಗೆಯ ತುದಿಗೆ ಬಂದು ನಿಂತಿದೆ, ಆದರೆ ಅನ್ನುವ ಹಾಗಿಲ್ಲ, ಈ ಕಥಾ ಕಮ್ಮಟದ ನಿಯಮ ಅದು, ಯಾರ ಕಥೆಯ ಮೇಲೆ ಮಾತು ನಡೆಯುತ್ತದೋ ಅವರು ತುಟಿ ಬಿಚ್ಚಬಾರದು, ನಲವತ್ತು ನಿಮಿಷ, ಮೇಜಿನ ನಡುವೆ ಒಂದು ಅಲಾರಂ ಗಡಿಯಾರ ಇಟ್ಟಿದ್ದಾರೆ, ಮೊದಲ ದಿನವೇ ಕಮ್ಮಟ ನಡೆಸುವ ಮೇಷ್ಟ್ರು ಹೇಳಿದ್ದರು, ಬರೆದವರು ಸತ್ತಿದಾರೆ ಅಂದ್ಕೊಳ್ಳಿ, ಸತ್ತವರು ಮಾತಾಡಲ್ಲ ಅಲ್ವಾ, ಹನ್ನೊಂದು ಜನ ನಕ್ಕರು, ಅವಳು ನಗಲಿಲ್ಲ, ಇಪ್ಪತ್ತಾರು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಸತ್ತವರ ಕೆಳಗಿಂದ ಎಳೆದ ಶೀಟುಗಳನ್ನು ಒಗೆದವಳಿಗೆ ಸತ್ತವರು ಹೇಗಿರುತ್ತಾರೆಂದು ಈ ಮನುಷ್ಯ ಕಲಿಸುತ್ತಾನೆಯೇ, ಅಲಾರಂ ಹೊಡೆದ ಮೇಲೆ ಸತ್ತವರಿಗೆ ಎರಡು ನಿಮಿಷ ಜೀವ ಬರುತ್ತದಂತೆ, ಎರಡೇ ನಿಮಿಷ ಮಾತಾಡಬಹುದಂತೆ, ಏನು ಔದಾರ್ಯ. ತಡಕೋ, ತಡಕೋ, ಇವತ್ತೊಂದು ದಿನ ತಡಕೋ, ಹನ್ನೆರಡು ಕಥೆಗಳಲ್ಲಿ ಒಂದನ್ನು ಆರಿಸಿ ನಾಳೆ ಬೆಳಿಗ್ಗೆ ಸಾಹಿತ್ಯ ಉತ್ಸವದ ದೊಡ್ಡ ವೇದಿಕೆಯಲ್ಲಿ ಓದಿಸುತ್ತಾರೆ, ಮೇಷ್ಟ್ರ ಕೈಯಲ್ಲಿರುವ ಅವಳ ಪ್ರತಿಯ ಮೇಲೆ ಕೆಂಪು ಶಾಯಿಯ ನಕ್ಷತ್ರ ಇದೆ, ಊಟದ ಸಾಲಿನಲ್ಲಿ ನಿಂತಾಗಲೇ ನೋಡಿದ್ದಾಳೆ, ಮತ್ತು ನಾಳೆ ಮೊದಲ ಬಸ್ಸಿಗೆ ಅಕ್ಕ ಬರುತ್ತಾಳೆ, ತಂಗಿಯದನ್ನೇ ಓದಿಸುತ್ತಾರೆಂದು ನಂಬಿ, ರಜೆ ಹಾಕಿ, ಹೊಸ ಚಪ್ಪಲಿ ತಗೊಂಡು, ಮುಂದಿನ ಸಾಲಿನಲ್ಲೇ ಕೂರ್ತೀನಿ ಕಣೇ, ಹಿಂದೆ ಕೂತ್ರೆ ನಂಗೆ ಕೇಳ್ಸಲ್ಲ, ಅಂದಿದ್ದಾಳೆ.

ಇದರಲ್ಲಿ ಬಿಳುಪು ಒಂದು ರೂಪಕ, ಎಂದು ಶುರುಮಾಡಿದಳು ವಿಮರ್ಶೆಯ ಹುಡುಗಿ, ಪತ್ರಿಕೆಯೊಂದರಲ್ಲಿ ಅಂಕಣ ಬರೆಯುತ್ತಾಳಂತೆ, ಪೆನ್ನಿನ ಹಿಂಭಾಗದಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಾ ಮಾತಾಡುತ್ತಾಳೆ, ಬಿಳೀ ಶೀಟು ಅಂದ್ರೆ ಚರಿತ್ರೆನೇ ಇಲ್ಲದ ಹೆಣ್ಣು, ಅವಳ ಮೇಲೆ ಯಾರ್ ಬೇಕಾದ್ರೂ ಬರೀಬಹುದು — ಬಿಳಿ ಯಾಕಮ್ಮಾ ಅಂದರೆ ಕಲೆ ಕಾಣಲಿ ಅಂತ, ಬ್ಲೀಚಿಗೆ ಹಾಕಿದರೆ ಬಣ್ಣ ಬಿಡದಿರಲಿ ಅಂತ, ಒಂದು ದಿನ ಬಂದು ವಾಂತಿಯಾದ ಶೀಟುಗಳ ಗಂಟು ಬಿಚ್ಚು, ರೂಪಕ ಮೂಗಿಗೆ ಬಡಿಯುತ್ತದೆ. ಆ ಹುಡುಗಿಯ ಪಕ್ಕದಲ್ಲಿ ಮೌನದ ಕವಿ, ಮೌನದ ಮೇಲೇ ಹತ್ತಾರು ಪದ್ಯ ಬರೆದವನು, ತಲೆಯನ್ನು ಒಂದು ಬದಿಗೆ ವಾಲಿಸಿ ಕಣ್ಣು ಮುಚ್ಚಿದ್ದಾನೆ, ಮೂರು ದಿನದಿಂದ ಆ ತಲೆ ನೆಟ್ಟಗಾಗಿಲ್ಲ, ಯಾರು ಏನು ಓದಿದರೂ ಆಹಾ ಎನ್ನುತ್ತಾನೆ, ಆಮೇಲೆ ವರಾಂಡದಲ್ಲಿ ಫೋನು ಹಿಡಿದು ಗೀಜರ್ ರಿಪೇರಿಯವನು ಬರಲಿಲ್ಲವೆಂದು ಹೆಂಡತಿಯ ಮೇಲೆ ಕಿರುಚುತ್ತಾನೆ, ಮೌನವಂತೆ ಮೌನ. ಇನ್ನೊಂದು ಮೂಲೆಯಲ್ಲಿ ದೆವ್ವದ ಮಾಮ ನಿದ್ದೆ ಹೊಡೆಯುತ್ತಿದ್ದಾರೆ, ಯಾವುದೋ ಲಾಡ್ಜಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಬರೆಯುವುದೆಲ್ಲ ದೆವ್ವದ ಕಥೆ, ಪ್ರತಿಯೊಂದು ದೆವ್ವವೂ ಬಿಳಿ ಶೀಟು ಹೊದ್ದುಕೊಂಡೇ ಬರುತ್ತದೆ, ನಿನ್ನೆ ಅವರ ಸರದಿಯಲ್ಲಿ ಅವಳು ಬಾಯಿಬಿಟ್ಟೇ ಹೇಳಿದ್ದಳು, ಮಾಮ, ನಿಮ್ಮ ದೆವ್ವಕ್ಕೆ ಶೀಟು ಒಗೆದು ಕೊಡೋರು ಯಾರು, ಎಲ್ಲರೂ ಬಿದ್ದು ಬಿದ್ದು ನಕ್ಕರು, ಮಾಮನೂ ನಕ್ಕರು, ನಿಯಮದ ಪ್ರಕಾರ ಉತ್ತರ ಕೊಡುವ ಹಾಗಿರಲಿಲ್ಲ ಅವರಿಗೆ. ಗಡಿಯಾರದಲ್ಲಿ ಇನ್ನೂ ಇಪ್ಪತ್ತೆರಡು ನಿಮಿಷ, ಕುರ್ಚಿಯ ಮೆತ್ತೆ ಬೆವರಿಗೆ ಅಂಟಿಕೊಂಡಿದೆ, ಕಿಟಕಿಯ ಪರದೆಗೆ ನೀರು ಕಾಣಿಸಿ ಎಷ್ಟು ವರ್ಷವಾಯಿತೋ, ಇವರ ಅತಿಥಿಗೃಹದ ಪರದೆಗಳನ್ನೆಲ್ಲ ಬಿಚ್ಚಿ ಒಂದು ಸುತ್ತು ಬಿಸಿನೀರಿಗೆ ಹಾಕಿದರೆ ಎರಡು ಬಕೆಟ್ ಮಣ್ಣು ಬರುತ್ತದೆ, ಅಕ್ಕ ಇದ್ದಿದ್ದರೆ ಬಿಚ್ಚಿಯೇ ಬಿಡುತ್ತಿದ್ದಳು, ಹಿಡಿಯೇ ಆ ಕಡೆ, ಅನ್ನುತ್ತಿದ್ದಳು, ಹಿಡಿಯೇ ಆ ಕಡೆ — ಬೆಳಗಿನಿಂದ ಸಂಜೆಯವರೆಗೆ ಅದೇ ಮಾತು, ಇವಳು ಈ ಎರಡು ಮೂಲೆ, ಅಕ್ಕ ಆ ಎರಡು ಮೂಲೆ, ಶೀಟನ್ನು ಮುಖದವರೆಗೆ ಎತ್ತಿ ಹಿಡಿದರೆ ಅಕ್ಕನ ಮುಖ ಕಾಣುವುದಿಲ್ಲ, ಬಿಳಿ ಅಂಚಿನ ಮೇಲೆ ಬೆರಳುಗಳಷ್ಟೇ ಕಾಣುತ್ತವೆ, ಆ ಬೆರಳುಗಳು ಒಮ್ಮೆ ಜಗ್ಗುತ್ತವೆ, ಶೀಟು ಪಟ್ಟೆಂದು ಬಿಗಿಯಾಗುತ್ತದೆ, ಇವಳು ಎರಡು ಹೆಜ್ಜೆ ನಡೆದು ಮೂಲೆಗಳನ್ನು ಅಕ್ಕನ ಕೈಗೆ ಕೊಡುತ್ತಾಳೆ, ಬಗ್ಗುತ್ತಾಳೆ, ಮಡಿಕೆಯನ್ನು ಹಿಡಿದು ಮತ್ತೆ ಹಿಂದೆ, ದಿನಕ್ಕೆ ನಾನೂರು ಸಲ, ಮಾತೇ ಬೇಡ.

ಅಕ್ಕನಿಗೆ ಓದಲು ಬರುವುದಿಲ್ಲ. ಹಳ್ಳಿಯ ಶಾಲೆಗೆ ಮನೆಯಿಂದ ಒಬ್ಬರೇ ಹೋಗಬಹುದೆಂದು ಆದಾಗ ಎರಡನೇ ತರಗತಿಯ ತನ್ನ ಸ್ಲೇಟನ್ನು ತಂದು ತಂಗಿಯ ಕೈಗೆ ಕೊಟ್ಟವಳು, ಹೋಗೇ, ನಿಂಗೇ ತಲೆ ಇರೋದು, ಅಂದವಳು, ಅದಕ್ಕೇ ತಂಗಿ ಬರೆದ ಎಷ್ಟೋ ಕಥೆಗಳು ಅಚ್ಚಾದರೂ ಅಕ್ಕ ಪುಸ್ತಕವನ್ನು ತಿರುಗಿಸಿ ಹಿಂಬದಿಯ ಫೋಟೋ ನೋಡಿ, ಮೂಗು ದಪ್ಪ ಬಂದಿದೆ, ಅಂದು ಕಪಾಟಿನಲ್ಲಿ ಇಡುತ್ತಾಳೆ, ನಾಳೆಯೇ ಮೊದಲ ಸಲ ಒಂದು ಕಥೆಯನ್ನು ಕಿವಿಯಾರೆ ಕೇಳುವುದು, ಮೊನ್ನೆ ಚೀಲಕ್ಕೆ ಬಟ್ಟೆ ತುಂಬುವಾಗ ಬಾಗಿಲಲ್ಲಿ ನಿಂತು ಕೇಳಿದಳು, ಲಾಂಡ್ರಿ ಕಥೆ ಅಂತೀಯಲ್ಲ, ನಾನಿದೀನೇನೇ ಅದ್ರಲ್ಲಿ, ಇದೀಯ ಕಣೇ, ಅಂದಳು ಇವಳು, ಜಿಪ್ಪು ಎಳೆಯುತ್ತಾ, ತಲೆ ಎತ್ತದೆ. ಇಲ್ಲ. ಎಲ್ಲಿದ್ದಾಳೆ. ಕಥೆಯಲ್ಲಿ ಒಬ್ಬಳೇ ಹೆಂಗಸು, ಒಬ್ಬಳೇ ಒಗೆಯುತ್ತಾಳೆ, ಒಬ್ಬಳೇ ಇಸ್ತ್ರಿಯ ರೋಲರ್ ಯಂತ್ರಕ್ಕೆ ಶೀಟು ಕೊಡುತ್ತಾಳೆ, ಬಿಸಿ ರೋಲರಿಗೆ ಅವಳ ಬೆರಳು ಸಿಕ್ಕುತ್ತದೆ, ನಿಲ್ಲಿಸುವ ಕೆಂಪು ಗುಂಡಿ ಕಚ್ಚಿಕೊಂಡಿರುತ್ತದೆ, ಮೇಲ್ವಿಚಾರಕ ರಾಕ್ಷಸ, ಎರಡು ಬೆರಳು ಹೋಗುತ್ತವೆ, ಮುಗಿಯಿತು. ಅದ್ಭುತ, ಎನ್ನುತ್ತಾರೆ ಮೇಷ್ಟ್ರು ಈಗ, ಕನ್ನಡಕವನ್ನು ಹಣೆಗೇರಿಸಿ, ಇದು ಬೆವರಿನಿಂದ ಬರೆದ ಕಥೆ ಕಣ್ರೀ, ಶಾಯಿಯಿಂದ ಅಲ್ಲ, ಎಲ್ಲ ಕಮ್ಮಟಗಳಲ್ಲೂ ಅವರು ಒಬ್ಬರಿಗೆ ಈ ಮಾತು ಹೇಳುತ್ತಾರಂತೆ, ಕಳೆದ ವರ್ಷ ಒಬ್ಬ ಬಡಗಿಗೆ ಹೇಳಿದ್ದರಂತೆ, ಬಡಗಿಯೇ ಹೇಳಿದ. ಬೆವರು! ಇನ್ನೊಂದು ಊರಿನ ಉತ್ಸವದಲ್ಲಿ ಅವಳನ್ನು ‘ದುಡಿಯುವ ಕೈಗಳು’ ಎಂಬ ಗೋಷ್ಠಿಗೆ ಕೂರಿಸಿದ್ದರು, ಕಥೆಯ ಬಗ್ಗೆ ಒಂದೇ ಒಂದು ಪ್ರಶ್ನೆಯಿಲ್ಲ, ಬರೀ ನಿಮಗೆ ಬರೆಯೋಕೆ ಟೈಮ್ ಹೇಗ್ ಸಿಗುತ್ತೆ, ಟೈಮ್ ಹೇಗ್ ಸಿಗುತ್ತೆ, ಆಮೇಲೆ ಫೋಟೋದವನು ಬಂದು, ಅಮ್ಮಾ, ಕೈ ಸ್ವಲ್ಪ ಮೇಲೆತ್ತಿ, ಎರಡೂ ಕೈ, ಬೆರಳು ಅಗಲ ಮಾಡಿ, ಹಾಂ ಹಾಗೆ — ಎತ್ತಿದಳು, ನಾಚಿಕೆಗೆಟ್ಟವಳು, ಹತ್ತೂ ಬೆರಳನ್ನು ಅಗಲ ಮಾಡಿ ಎತ್ತಿದಳು, ಫೋಟೋ ಪತ್ರಿಕೆಯಲ್ಲಿ ಬಂತು, ಅಕ್ಕ ಅದನ್ನು ಕತ್ತರಿಸಿ ಲಾಂಡ್ರಿಯ ಗೋಡೆಗೆ ಅಂಟಿಸಿದಳು, ಕತ್ತರಿ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಹಿಡಿಯಲು ಆಗುವುದಿಲ್ಲವಲ್ಲ ಅವಳಿಗೆ.

ನಾಲ್ಕು ನಿಮಿಷ ಇದೆ, ಇನ್ಯಾರಾದ್ರೂ, ಎಂದರು ಮೇಷ್ಟ್ರು, ದೆವ್ವದ ಮಾಮ ಎಚ್ಚರವಾಗಿದ್ದಾರೆ, ಕೆನ್ನೆಯ ಮೇಲೆ ಕುರ್ಚಿಯ ಅಂಚಿನ ಗೆರೆ, ಪುಟ ತಿರುವುತ್ತಿದ್ದಾರೆ, ನೆಕ್ಕಿದ ಬೆರಳಿನಿಂದ, ಥೂ, ಅದಲ್ಲಮ್ಮಾ, ಎನ್ನುತ್ತಾರೆ, ನಂಗೆ ರೂಪಕ ಗೀಪಕ ಗೊತ್ತಾಗಲ್ಲ, ಮೂವತ್ತು ವರ್ಷ ಲಾಡ್ಜಲ್ಲಿ ಶೀಟು ಮಡಚಿಸಿದೀನಿ, ಇಲ್ಲಿ ಎರಡನೇ ಪುಟದಲ್ಲಿ ಬರೆದಿದೀರಲ್ಲ, ಶೀಟು ಪಟ್ಟೆಂದು ಬಿಗಿಯಾಯಿತು, ಅವಳು ಎರಡು ಹೆಜ್ಜೆ ನಡೆದು ಮೂಲೆಗಳನ್ನು ಕೊಟ್ಟಳು, ಅಂತ — ಯಾರಿಗೆ ಕೊಟ್ಟಳು? ಒಬ್ಬಳೇ ಇದ್ರೆ ಶೀಟು ಹೇಗ್ ಬಿಗಿಯಾಗುತ್ತೆ? ಆ ಕಡೆ ತುದಿ ಯಾರು ಹಿಡಿದಿದ್ರು? ವಿಮರ್ಶೆಯ ಹುಡುಗಿ ಕಿಸಕ್ಕೆಂದಳು, ಮಾಮ, ಅದು ಅವಳ ಮನಸ್ಸೇ ಹಿಡಿದಿರೋದು, ಮೌನದ ಕವಿ ಆಹಾ ಎಂದ, ಡಾಕ್ಟರು, ಟೈಪಿಂಗ್ ತಪ್ಪಿರ್ಬೇಕು ಬಿಡಿ, ಎಂದರು — ಅವಳು ಹತ್ತು ಸಲ ತಿದ್ದಿದ ಕಥೆ, ಒಂದೊಂದು ಸಾಲಿನಿಂದಲೂ ಅಕ್ಕನನ್ನು ಹೆಕ್ಕಿ ಹೆಕ್ಕಿ ತೆಗೆದಿದ್ದಾಳೆ, ಅಕ್ಕ ಅಂದಳು ತೆಗೆದಳು, ಅಕ್ಕ ನಕ್ಕಳು ತೆಗೆದಳು, ಕೈ ಮಾತ್ರ ತನ್ನ ಪಾಡಿಗೆ ಬರೆದುಬಿಟ್ಟಿದೆ, ಕೈಗೆ ಒಬ್ಬಳೇ ಮಡಚಿ ಗೊತ್ತಿಲ್ಲ, ಈ ಮುದುಕ, ಈ ಶೀಟು ಹೊದ್ದ ದೆವ್ವಗಳ ಮುದುಕ, ನಿದ್ದೆಯಿಂದ ಎದ್ದು ನೇರ ಅಲ್ಲಿಗೇ ಬೆರಳಿಟ್ಟಿದ್ದಾನೆ. ರೋಲರಿಗೂ ಇಬ್ಬರು ಬೇಕು ಮಾಮ. ಒಬ್ಬರು ಶೀಟು ಕೊಡಬೇಕು, ಇನ್ನೊಬ್ಬರು ಕೆಂಪು ಗುಂಡಿಯ ಹತ್ತಿರ ನಿಂತಿರಬೇಕು, ಕಣ್ಣು ಕೀಳದೆ ನಿಂತಿರಬೇಕು, ಆ ದಿನ ಅಕ್ಕ ಕೊಡುತ್ತಿದ್ದಳು, ಇವಳು ನಿಂತಿದ್ದಳು, ನಿಂತೇ ಇದ್ದಳು, ಹಬೆ ಕಿಟಕಿಯ ಗಾಜಿನ ಮೇಲೆ ಕೂತಿತ್ತು, ಒಂದು ಸಾಲು ಹೊಳೆಯಿತು, ಹೊಳೆದರೆ ಬರೆದುಕೊಂಡುಬಿಡಬೇಕು, ಇಲ್ಲದಿದ್ದರೆ ಹಾರಿಹೋಗುತ್ತದೆ, ಯಾವುದೋ ಕಮ್ಮಟದಲ್ಲಿ ಯಾವುದೋ ಮೇಷ್ಟ್ರು ಹೇಳಿದ್ದೇ, ಕಿವಿಯ ಹಿಂದಿನ ಪೆನ್ಸಿಲು ತೆಗೆದು, ನಾಲ್ಕು ಹೆಜ್ಜೆ, ಕಿಟಕಿಕಟ್ಟೆ, ವಾರ್ಡಿನ ಚೀಟಿಯ ಹಿಂಭಾಗ, ಗುಂಡಿಗೆ ಬೆನ್ನು. ಗುಂಡಿ ಕಚ್ಚಿಕೊಂಡಿರಲಿಲ್ಲ. ಅಕ್ಕನ ಕೂಗು ಕೇಳಿ ಓಡಿಬಂದು ಒತ್ತಿದಾಗ ಬೆಣ್ಣೆಯ ಹಾಗೆ ಒಳಗೆ ಹೋಯಿತು. ಆ ಸಾಲು ಇನ್ನೂ ಇದೆ, ಯಾವ ಕಥೆಗೂ ಸೇರದೆ ತಲೆಯಲ್ಲೇ ಇದೆ, ಹಬೆ ಎಂದರೆ ನೀರಿಗೆ ಬಂದ ಯೋಚನೆ, ಇಷ್ಟೇ, ಇಷ್ಟಕ್ಕೆ, ಇಂಥ ಗಿಲೀಟಿನ ಮಾತಿಗೆ, ಈಗ ಇಲ್ಲಿ ಜೋರಾಗಿ ಹೇಳಿದರೆ ಮೌನದ ಕವಿ ಆಹಾ ಅನ್ನುತ್ತಾನೆ, ಹುಡುಗಿ ಬರೆದುಕೊಳ್ಳುತ್ತಾಳೆ, ಇವರನ್ನೆಲ್ಲ ಮೂರು ದಿನದಿಂದ ಉಗಿಯುತ್ತಾ ಕೂತಿದ್ದಾಳಲ್ಲ, ಇವರು ಒಂದು ಆಹಾಕ್ಕೆ ಏನು ಕೊಟ್ಟಿದ್ದಾರೆ, ಇವರ್ಯಾರ ಆಹಾಕ್ಕೂ ಯಾರ ಬೆರಳೂ ಹೋಗಿಲ್ಲ.

ಅಲಾರಂ. ಈಗ ನಿಮಗೆ ಜೀವ ಬಂತು, ಎನ್ನುತ್ತಾರೆ ಮೇಷ್ಟ್ರು, ನಗುತ್ತಾ, ಎರಡು ನಿಮಿಷ, ಅದಕ್ಕೆ ಮೊದಲು ಒಂದು ಮಾತು, ನಾಳೆ ದೊಡ್ಡ ವೇದಿಕೆಗೆ ಇದೇ ಕಥೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಡಾಕ್ಟರ ಕೈಯಿಂದ ಬಿಸ್ಕತ್ತಿನ ಪುಡಿ ಉದುರುತ್ತದೆ, ಆ ಒಂದು ಸಾಲು ತಿದ್ದಿಬಿಡಿ, ಕೊಟ್ಟಳು ಅನ್ನೋದನ್ನ ತೆಗೆದ್ರೆ ಆಯ್ತು, ಎನ್ನುತ್ತಾರೆ ಮೇಷ್ಟ್ರು, ಪೆನ್ನು ಚಾಚುತ್ತಾರೆ. ತೆಗೆದರೆ ಆಯ್ತು. ನಾಳೆ ಮುಂದಿನ ಸಾಲಿನಲ್ಲಿ ಹೊಸ ಚಪ್ಪಲಿಯ ಕಾಲುಗಳನ್ನು ಜೋಡಿಸಿಕೊಂಡು ಅಕ್ಕ ಕೂತಿರುತ್ತಾಳೆ, ಈಗ ಬರ್ತೀನಿ, ಈಗ ಬರ್ತೀನಿ, ಎಂದು ಕಥೆಯೊಳಗೆ ತನ್ನನ್ನು ಹುಡುಕುತ್ತಾ, ಅಂದು ಅಪಘಾತದ ತಪಾಸಣೆಯವರು ಬಂದಾಗ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಗುಂಡಿ ಕಚ್ಕೊಂಡಿತ್ತು ಸಾರ್, ನನ್ ತಂಗಿ ಒತ್ತಿದ್ಳು, ಆಗ್ಲಿಲ್ಲ, ಎಂದವಳು ಅಕ್ಕನೇ, ಇವಳಲ್ಲ, ಅಕ್ಕನೇ ಮೊದಲು ಹೇಳಿದ್ದು, ನೋಡಿದ್ದಳೋ, ನೋಡದೆ ಹೇಳಿದಳೋ, ಹನ್ನೊಂದು ವರ್ಷದಲ್ಲಿ ಕೇಳಿಲ್ಲ, ನಾನೂರು ಸಲ ದಿನಕ್ಕೆ ಎದುರುಬದುರು ನಿಂತು ಕೇಳಿಲ್ಲ. ಮಾತಾಡಿ, ಒಂದೂವರೆ ನಿಮಿಷ ಇದೆ, ಎನ್ನುತ್ತಾರೆ. ಅಕ್ಕ, ಎಂದಳು ಅವಳು. ಏನಂದ್ರಿ? ಆ ಕಡೆ ತುದಿ ನಮ್ಮಕ್ಕ ಹಿಡಿದಿದ್ಳು ಮಾಮ. ಹಾಂ, ಹಾಗನ್ನಿ ಮತ್ತೆ, ಎನ್ನುತ್ತಾರೆ ದೆವ್ವದ ಮಾಮ, ಸಮಾಧಾನವಾಗಿ, ಲೆಕ್ಕ ಸರಿಹೋದವರ ಹಾಗೆ, ಪುಟ ತಿರುವಿ, ಬೆರಳು ನೆಕ್ಕಿ, ಹಾಗಾದ್ರೆ ಇಲ್ಲಿ ಮಷೀನಲ್ಲಿ ಸಿಕ್ಕಿದ್ದು ಅಕ್ಕನ ಕೈಯಾ, ಸರಿ, ಗುಂಡಿ ಹತ್ರ ಯಾರಿದ್ರು — ಗಡಿಯಾರ ಟಿಕ್ ಟಿಕ್, ಮೇಷ್ಟ್ರ ಪೆನ್ನು ಇನ್ನೂ ಚಾಚಿಕೊಂಡೇ ಇದೆ, ಅವಳ ಎರಡೂ ಕೈ ತಾವಾಗಿ ಮುಖದವರೆಗೆ ಎದ್ದಿವೆ, ಹೆಬ್ಬೆರಳು ತೋರುಬೆರಳಿನ ನಡುವೆ ಇಲ್ಲದ ಎರಡು ಮೂಲೆ, ಹಿಡಿಯೇ ಆ ಕಡೆ, ಹಿಡಿದಿದೀನಿ ಕಣೇ, ಬಿಳಿ ಅಂಚು, ಅಂಚಿನ ಮೇಲೆ ಅಕ್ಕನ ಎಡಗೈಯ ಐದು ಬೆರಳು, ಬಲಗೈಯ ಮೂರು, ಮುಖ ಕಾಣುವುದಿಲ್ಲ, ಮೂರು, ಜಗ್ಗುತ್ತಿವೆ, ಮೂರು ಬೆರಳು