ಆದ್ದರಿಂದ

"ಪೆನ್ನು ಕೆಳಗಿಡಿ," ಎಂದರು ಮೇಷ್ಟ್ರು. "ಈಗ ನಾನು ಮಾತಾಡ್ತೀನಿ, ನೀವು ಬರೀ ಕೇಳ್ಬೇಕು. ಒಂದಕ್ಷರಾನೂ ಬರೀಬಾರದು."

ಮುಂದಿನ ಬೆಂಚಿನ ಒಬ್ಬ ಹುಡುಗಿಯ ಹೊರತು ಇಡೀ ತರಗತಿ ಪೆನ್ನು ಕೆಳಗಿಟ್ಟಿತು. ಅವಳನ್ನು ಎಲ್ಲರೂ ಟೇಪ್ ರೆಕಾರ್ಡರ್ ಎನ್ನುತ್ತಿದ್ದರು. ಮೇಷ್ಟ್ರ ಬಾಯಿಂದ ಬಿದ್ದದ್ದೆಲ್ಲ ಅವಳ ಪುಸ್ತಕ ಸೇರುತ್ತಿತ್ತು. ಹಿಂದಿನ ವಾರ ಅದನ್ನು ತಿದ್ದುವಾಗ, ಹಳೆಯ ಪಟ್ಟಣವೊಂದು ಪಾಳುಬಿದ್ದ ಕಾರಣಗಳ ನಡುವೆ 'ಫ್ಯಾನ್ ಸ್ವಲ್ಪ ಜೋರು ಮಾಡಿ' ಎಂಬ ವಾಕ್ಯವೂ ಸಿಕ್ಕಿತ್ತು. ಪರೀಕ್ಷೆ ತಲೆಯ ಮೇಲಿದ್ದರೂ ಇತಿಹಾಸದ ಪಾಠ ನಿಲ್ಲಿಸಿ ಟಿಪ್ಪಣಿ ಮಾಡುವುದನ್ನೇ ಕಲಿಸಬೇಕೆಂದು ಮೇಷ್ಟ್ರು ನಿಶ್ಚಯಿಸಿದ್ದು ಆಗಲೇ.

ಬೋರ್ಡಿನ ಮೇಲೆ ಎರಡು ಉದ್ದ ಗೆರೆ ಎಳೆದು ಮೂರು ಮನೆ ಮಾಡಿದರು. ಪರಿಕಲ್ಪನೆ, ಸಂಗತಿ, ವಾದ.

"ವಲಸೆ ಅಂತೀವಿ. ಅದನ್ನ ಕೈಲಿ ಹಿಡಿಯೋಕಾಗಲ್ಲ, ಆದ್ರೆ ಅದು ತಿಳೀದೆ ಪಾಠ ಮುಂದಕ್ಕೆ ಹೋಗಲ್ಲ. ಅದು ಮೊದಲನೇ ಮನೆಗೆ. ನದಿ ದಿಕ್ಕು ಬದಲಿಸ್ತು, ಹಳೇ ಪಾತ್ರದ ಮರಳು ಇವತ್ತಿಗೂ ಇದೆ, ಯಾರು ಹೋಗಿ ನೋಡಿದ್ರೂ ಇರುತ್ತೆ. ಅದು ಎರಡನೇ ಮನೆಗೆ. ನದಿ ದಿಕ್ಕು ಬದಲಿಸ್ತು, ಆದ್ದರಿಂದ ಪಟ್ಟಣ ಹಾಳಾಯ್ತು. ಈ 'ಆದ್ದರಿಂದ' ಇದೆಯಲ್ಲ, ಇದು ಮರಳಲ್ಲಿ ಬಿದ್ದಿರಲಿಲ್ಲ. ಯಾರೋ ತಂದು ಮಧ್ಯೆ ಇಟ್ಟಿದ್ದು. ಸರಿ ಇರಬಹುದು, ತಪ್ಪೂ ಇರಬಹುದು. 'ಅದಕ್ಕೇ', 'ಹಾಗಾಗಿ', 'ಅಂದಮೇಲೆ', ಇಂಥ ಮಾತು ಕಿವಿಗೆ ಬಿತ್ತೋ, ಎಚ್ಚರ!"

"ಸಾರ್," ಹಿಂದಿನ ಬೆಂಚಿನಿಂದ ಒಂದು ದನಿ, "ನಮ್ಮಪ್ಪ 'ಮಾರ್ಕ್ಸ್ ಕಮ್ಮಿ, ಅದಕ್ಕೇ ನೀನು ಕತ್ತೆ' ಅಂತಾರೆ. ಯಾವ ಮನೆ?"

"ಮಾರ್ಕ್ಸ್ ಎರಡನೇ ಮನೆ. ಕತ್ತೆ ಮೂರನೇ ಮನೆ."

"ಉಳಿಸಿದ್ರಿ ಸಾರ್!"

ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು. ನಗು ಅಡಗಿದ ಮೇಲೆ ಕಿಟಕಿ ಪಕ್ಕದ ಖಾಲಿ ಜಾಗ ಇನ್ನಷ್ಟು ಖಾಲಿಯಾಗಿ ಕಂಡಿತು.

ಅದು ಕಿಡಿಯ ಜಾಗ. ಮಾತಿಗೆ ಮುಂಚೆ ಸಿಡಿಯುತ್ತಿದ್ದ ಆ ಹುಡುಗಿಗೆ ಗೆಳತಿಯರೇ ಇಟ್ಟ ಹೆಸರು ಅದು. ಹೋದ ವಾರ ಪ್ರಯೋಗಾಲಯದ ಬೀರುವಿಗೆ ಬೆಂಕಿ ಬಿದ್ದು, ಆರಿಸಲು ಹೋದ ಜವಾನನ ಬಲಗೈ ಮೊಣಕೈಯವರೆಗೆ ಸುಟ್ಟುಹೋಗಿತ್ತು. ಅಂದು ಬೆಳಿಗ್ಗೆಯೇ ಕಿಡಿ ವಿಜ್ಞಾನದ ಮೇಡಂ ಜೊತೆ ಜಗಳವಾಡಿದ್ದಳು. ಹೊಗೆ ಕಾಣುವುದಕ್ಕೆ ಸ್ವಲ್ಪ ಮೊದಲು ಅವಳು ಪಡಸಾಲೆಯಲ್ಲಿ ಓಡಿ ಹೋದದ್ದನ್ನು ಮೇಷ್ಟ್ರು ನೋಡಿದ್ದರು. ರಾತ್ರಿ ಊಟದ ಹೊತ್ತಿಗೆ ಅದನ್ನು ಅತ್ತಿಗೆಗೆ ಹೇಳಿಯೂ ಇದ್ದರು. ಅತ್ತಿಗೆ ಎಂದರೆ ಅಣ್ಣನ ಹೆಂಡತಿ, ಈ ಶಾಲೆಯ ಮುಖ್ಯೋಪಾಧ್ಯಾಯಿನಿ, ವರ್ಷಗಟ್ಟಲೆ ಕೆಲಸವಿಲ್ಲದೆ ಕೂತಿದ್ದ ಮೈದುನನನ್ನು ತಾನೇ ಜಾಮೀನಾಗಿ ನಿಂತು ಇಲ್ಲಿಗೆ ಸೇರಿಸಿಕೊಂಡವರು. ಅವರ ಮನೆಯ ಮಹಡಿಯ ಕೋಣೆಯಲ್ಲೇ ಮೇಷ್ಟ್ರ ವಾಸ. ಮರುದಿನದಿಂದ ಕಿಡಿ ಬಂದಿರಲಿಲ್ಲ. ಯಾಕೆಂದು ಮೇಷ್ಟ್ರು ಕೇಳಿರಲಿಲ್ಲ.

"ಈಗ ಪೆನ್ನು ತಗೊಳ್ಳಿ," ಎಂದರು. "ಇನ್ನು ಯಾರು ಏನು ಹೇಳಿದ್ರೂ ಮೂರು ಮನೆಗೆ ಹಂಚಿ ಬರೀಬೇಕು."

ಅಷ್ಟರಲ್ಲಿ ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ನಿಂತಿದ್ದರು. ಮಕ್ಕಳು ಎದ್ದರು, ಕೂತರು.

"ಮೇಷ್ಟ್ರೇ, ಒಂದ್ನಿಮಿಷ," ಎಂದು ಮಕ್ಕಳ ಕಡೆ ತಿರುಗಿದರು. "ನೋಡಿ, ಮನೆಗಳಲ್ಲಿ ಏನೇನೋ ಮಾತು ನಡೀತಿದೆಯಂತೆ. ನನ್ನ ಬಾಯಿಂದಾನೇ ಕೇಳಿಬಿಡಿ. ಪ್ರಯೋಗಾಲಯಕ್ಕೆ ಬೆಂಕಿ ಇಟ್ಟಿದ್ದು ನಿಮ್ಮ ಕ್ಲಾಸಿನ ಹುಡುಗಿ. ನಿಮ್ಮ ಮೇಷ್ಟ್ರೇ ಕಣ್ಣಾರೆ ನೋಡಿದ್ದಾರೆ. ಆದ್ದರಿಂದ ಅವಳನ್ನ ಶಾಲೆಯಿಂದ ತೆಗೀತಿದ್ದೀವಿ. ಈ ಸಲ ಪರೀಕ್ಷೆಗೂ ಅವಳು ಕೂರೋ ಹಾಗಿಲ್ಲ."

ಪೆನ್ನುಗಳು ಸರಸರ ಓಡುತ್ತಿದ್ದವು. ಒಮ್ಮೆಲೇ ನಿಂತವು. ಮೇಷ್ಟ್ರು ಡಸ್ಟರನ್ನು ಬಿಗಿಯಾಗಿ ಹಿಡಿದುಕೊಂಡು ಬೋರ್ಡಿನ ಪಕ್ಕ ನಿಂತೇ ಇದ್ದರು.

ಟೇಪ್ ರೆಕಾರ್ಡರ್ ಎದ್ದು ನಿಂತಳು. ಕೆಣಕುವ ಹುಡುಗಿಯಲ್ಲ ಅವಳು. ಬರೆಯುವುದು ತಪ್ಪಿದರೆ ಎಂಬ ದಿಗಿಲಷ್ಟೇ ಅವಳ ಮುಖದಲ್ಲಿತ್ತು.

"ಸಾರ್, ನೀವು ಕಣ್ಣಾರೆ ನೋಡಿದ್ದೀರಿ ಅಂದ್ರಲ್ಲ ಹೆಡ್‌ಮಿಸ್ಸು, ಅದನ್ನ ಎರಡನೇ ಮನೇಲಿ ಬರೀಲಾ?"

"ಕೂತ್ಕೊಮ್ಮಾ," ಎಂದರು ಮುಖ್ಯೋಪಾಧ್ಯಾಯಿನಿ. ಹುಡುಗಿ ಕೂರಲಿಲ್ಲ. ಅವಳು ನೋಡುತ್ತಿದ್ದುದು ಮೇಷ್ಟ್ರನ್ನು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

'ಹೌದು' ಎಂದರೆ ಮುಗಿಯುತ್ತಿತ್ತು. ಸುಮ್ಮನಿದ್ದರೂ ಮುಗಿಯುತ್ತಿತ್ತು. ಮೇಷ್ಟ್ರು ಡಸ್ಟರನ್ನು ಮೇಜಿನ ಮೇಲಿಟ್ಟರು.

"ಬೇಡ," ಎಂದರು. ದನಿ ತಮ್ಮದಲ್ಲವೆನ್ನುವಷ್ಟು ಸಣ್ಣಗಿತ್ತು. "ನಾನು ನೋಡಿದ್ದು ಅವಳು ಪಡಸಾಲೇಲಿ ಓಡ್ತಿದ್ದದ್ದು. ಎಲ್ಲಿಂದ ಬಂದಳೋ ನೋಡಲಿಲ್ಲ. ಬೆಂಕಿ ಇಟ್ಟಿದ್ದನ್ನ ನೋಡಲಿಲ್ಲ. ಎರಡನೇ ಮನೇಲಿ ಬರೆಯೋದು ಓಡ್ತಿದ್ದಳು ಅನ್ನೋದಷ್ಟೇ."

"ಉಳಿದಿದ್ದು, ಸಾರ್?"

"ಮೂರನೇ ಮನೇಲಿ."

ಹುಡುಗಿ ಕೂತು ಬರೆದಳು. ಮುಖ್ಯೋಪಾಧ್ಯಾಯಿನಿ ಬೋರ್ಡನ್ನು ಮೊದಲ ಸಲವೆಂಬಂತೆ ನೋಡಿದರು. "ಪಾಠ ಮುಗಿಸಿ ನನ್ನ ರೂಮಿಗೆ ಬನ್ನಿ," ಎಂದು ಹೊರಟುಹೋದರು.

ರೂಮಿನ ಬಾಗಿಲು ಮುಚ್ಚಿದ್ದೇ ತಡ, 'ಬನ್ನಿ, ಹೋಗಿ' ಎಲ್ಲ ಬಿದ್ದುಹೋಯಿತು.

"ನನ್ನ ಮರ್ಯಾದೆ ತೆಗೀಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೆ?"

"ಅತ್ತಿಗೆ, ಅವಳು ಓಡಿದ್ದು ನೋಡಿದೆ ಅಂತ ಹೇಳಿದ್ದೆ. ಇಟ್ಟಿದ್ದು ನೋಡಿದೆ ಅಂತ ಯಾವತ್ತು ಹೇಳಿದೆ?"

"ಬೆಂಕಿ ಇಲ್ಲದೆ ಹೊಗೆ ಬರುತ್ತೇನೋ? ಬೆಳಿಗ್ಗೆ ಜಗಳ ಆಡ್ತಾಳೆ, ಮಧ್ಯಾಹ್ನ ಓಡ್ತಾಳೆ. ಯಾಕೆ ಓಡಿದೆ ಅಂದ್ರೆ ಬಾಯಿಗೆ ಬೀಗ. ಇನ್ನೇನು ಬೇಕು ನಿನಗೆ?" ಮೇಜಿನ ಮೇಲಿನ ಪೇಪರ್‌ವೇಟನ್ನು ಎತ್ತಿ, ಅದನ್ನೇ ಮತ್ತೆ ಅಲ್ಲಿಯೇ ಇಟ್ಟರು. "ಜವಾನನ ಹೆಂಡತಿ ಗೇಟಿಗೆ ಬಂದು ಕೂತಿದ್ಳು. 'ನನ್ನ ಗಂಡನ ಕೈ ಸುಟ್ಟೋರು ಯಾರು ಹೇಳಿ' ಅಂತ. ಅವಳ ಹಿಂದೆ ಪೋಷಕರೆಲ್ಲ ನಿಂತಿದ್ರು. ಆಗ ಎಲ್ಲಿದ್ದೆ ನೀನು? ಗೊತ್ತಿಲ್ಲ ಅಂತ ಹೇಳೋಕಾಗುತ್ತಾ ಅವಳಿಗೆ?"

ಆ ಹೆಂಗಸನ್ನು ಅಂದು ಮೇಷ್ಟ್ರೂ ಕಂಡಿದ್ದರು, ಕಂಡು ಹಿಂದಿನ ಬಾಗಿಲಿಂದ ಮನೆಗೆ ಹೋಗಿದ್ದರು.

"ಹಾಗಾದ್ರೆ ಆ ಹುಡುಗಿ ಮಾಡಿಲ್ಲ ಅಂತೀಯಾ?"

"ಮಾಡಿಲ್ಲ ಅಂತ ನನಗೆ ಗೊತ್ತಿಲ್ಲ ಅತ್ತಿಗೆ. ಮಾಡಿದ್ದಾಳೆ ಅಂತಾನೂ ಗೊತ್ತಿಲ್ಲ. ನನ್ನ ಹೆಸರು ಹೇಳಿ ಅವಳನ್ನ ತೆಗೀಬೇಡಿ. ನಿಮ್ಮ ಮನೆ ಅನ್ನ ತಿಂದಿದ್ದೀನಿ, ಕೋಣೆ ಬಿಡು ಅಂದ್ರೆ ಇವತ್ತೇ ಬಿಡ್ತೀನಿ. ಕೆಲಸ ಬಿಡು ಅಂದ್ರೂ ಸರಿ."

ಹೊರಗೆ ಗಂಟೆ ಹೊಡೆದು ಮಕ್ಕಳ ಗದ್ದಲ ಮೆಟ್ಟಿಲಿಳಿದು ಹೋಯಿತು.

"ಕೋಣೆ ವಿಷಯ ಯಾರು ಎತ್ತಿದ್ರು ಈಗ?" ಎಂದರು ಅತ್ತಿಗೆ ಕೊನೆಗೆ. ಮುಖ ಬೇರೆ ಕಡೆಗಿತ್ತು. "ಬಂದು ಪರೀಕ್ಷೆ ಬರೀಲಿ. ವಿಚಾರಣೆ ಮಾತ್ರ ನಿಲ್ಲಲ್ಲ. ಹೋಗಿ ಹೇಳು. ನೀನೇ ಹೋಗು. ಬರ್ತಾ ಜವಾನನ ಮನೆಗೂ ಹೋಗಿ, ನಮಗೆ ಗೊತ್ತಿಲ್ಲ ಅಂತ ಅವನ ಹೆಂಡತಿಗೆ ಹೇಳಿ ಬಾ. ಅದನ್ನೂ ನಾನೇ ಹೇಳ್ಬೇಕಾಗಿಲ್ಲ."

ಕಿಡಿಯ ಮನೆ ಒಂದು ಬೇಕರಿಯ ಹಿಂದಿನ ಓಣಿಯಲ್ಲಿತ್ತು. ಅವಳ ತಾಯಿ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯ ಅರ್ಧವನ್ನು ಹೊಲಿಗೆ ಯಂತ್ರವೇ ನುಂಗಿತ್ತು. ಮೇಷ್ಟ್ರನ್ನು ಕಂಡು ಆಕೆ ಎದ್ದಳು, ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿದಳು, ಆದರೆ ಕೂತುಕೊಳ್ಳಿ ಎನ್ನಲಿಲ್ಲ. ಕಿಡಿ ಒಳಬಾಗಿಲಿಗೆ ಒರಗಿ ನಿಂತಳು.

"ನಾಳೆಯಿಂದ ಶಾಲೆಗೆ ಬಾ," ಎಂದರು ಮೇಷ್ಟ್ರು ನಿಂತುಕೊಂಡೇ. "ಪರೀಕ್ಷೆಗೂ ಕೂರಬಹುದು. ವಿಚಾರಣೆ ಇನ್ನೂ ಇದೆ. ನಾನು ನಿನ್ನ ನೋಡಿದ್ದೆ, ಓಡ್ತಿದ್ದದ್ದು. ಅಷ್ಟನ್ನು ಅಲ್ಲೂ ಹೇಳ್ತೀನಿ."

"ನಾನು ಮಾಡಿಲ್ಲ ಅಂತ ನೀವು ನಂಬ್ತೀರಾ ಸಾರ್?"

ತಾಯಿಯೂ ತಲೆಯೆತ್ತಿದಳು. ಒಂದು ಒಳ್ಳೆಯ ಮಾತಿಗೆ ಇಬ್ಬರೂ ಕಾಯುತ್ತಿದ್ದರು. ಆ ಮಾತು ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇತ್ತು.

"ನಂಗೆ ಗೊತ್ತಿಲ್ಲ ಕಣಮ್ಮ," ಎಂದರು.

ಅವಳು ಈಗ ಸಿಡಿಯುತ್ತಾಳೆ ಎಂದುಕೊಂಡರು. ಅವಳು ಸಿಡಿಯಲಿಲ್ಲ. ಅವರ ಮುಖವನ್ನೇ ನೋಡಿದಳು, ಆಮೇಲೆ ಅವರ ಧೂಳು ಹಿಡಿದ ಚಪ್ಪಲಿಯನ್ನು. "ಮೊದಲನೇ ಪೀರಿಯಡ್ ನಿಮ್ದೇನಾ?" ಎಂದು ಕೇಳಿದಳು.

"ನಂದೇ."

ಕಿಡಿ ಒಳಗೆ ಹೋಗಿ ಸಮವಸ್ತ್ರದ ನೀಲಿ ಅಂಗಿ ತಂದು ತಾಯಿಯ ಮಡಿಲಿಗೆ ಹಾಕಿದಳು. ಜೇಬಿನ ಮೇಲಿನ ಶಾಲೆಯ ಗುರುತನ್ನು ಬಿಚ್ಚಿ ತೆಗೆದಾಗಿತ್ತು. ಅದಿದ್ದ ಜಾಗ ಮಾತ್ರ ಮಾಸದೆ ಚೌಕವಾಗಿ ಉಳಿದಿತ್ತು. "ತಂಗಿಗೆ ಮನೇಲಿ ಹಾಕೋಕಾದ್ರೂ ಆಗುತ್ತಲ್ಲ ಅಂತ ಗುರುತು ಬಿಚ್ಚಿಟ್ಟಿದ್ದೆ," ಎಂದು ತಾಯಿ ಯಾರಿಗೂ ಅಲ್ಲವೆಂಬಂತೆ ಹೇಳಿ, ಡಬ್ಬಿಯಲ್ಲಿ ನೀಲಿ ದಾರಕ್ಕೆ ಹುಡುಕಿದಳು. ಸಿಗಲಿಲ್ಲ. ಬಿಳಿ ದಾರವನ್ನೇ ಬೆಳಕಿಗೆ ಹಿಡಿದು ಸೂಜಿಗೆ ಪೋಣಿಸಿ, ಗುರುತನ್ನು ಆ ಚೌಕದ ಮೇಲೆ ಸರಿಯಾಗಿ ಕೂರಿಸಿ, ಹತ್ತಿರ ಹತ್ತಿರ ಹೊಲಿಗೆ ಹಾಕತೊಡಗಿದಳು. ನೀಲಿಯ ಮೇಲೆ ಒಂದೊಂದು ಹೊಲಿಗೆಯೂ ಬಾಗಿಲವರೆಗೆ ಕಾಣುತ್ತಿತ್ತು.