ನಾಲಗೆಗೆ ಸಿಗದ ಉಪ್ಪು

"ನಾಯಿಗ್ ಹುಟ್ಟಿದವ್ನೇ, ನೀರಲ್ ನಿಂತ್ಕಂಡ್ ಮಂತ್ರ ಹೇಳ್ತ್ಯಾ? ಕುಡ್ದ್ ಹೇಳ್, ಬೇಗ!"

ದಂಡೆಯ ಮೇಲಿಂದ ಜಮೀನುದಾರ ರಾಜೀವ ಕೂಗಿದ. ಪಕ್ಕದಲ್ಲಿ ಇಂಜಿನಿಯರ್ ಯತೀಶ್ ಫೈಲು ಹಿಡಿದು ನಿಂತಿದ್ದ. ನೀರು ಅಳೆಯುವ ಯಂತ್ರ ಆಫೀಸಿನಲ್ಲೇ ಉಳಿದಿತ್ತಂತೆ. ದೇವುವಿನ ನಾಲಗೆ ಇರುವಾಗ ಯಂತ್ರ ಯಾಕೆ?

ದೇವು ಸೊಂಟಮಟ್ಟದ ನೀರಿನಲ್ಲಿ ಕಿಂಡಿ ಅಣೆಕಟ್ಟಿನ ಕಂಬ ಹಿಡಿದಿದ್ದ. ಮಳೆ ನಿಂತು ಹೊಳೆ ಸೊರಗಿದ ಮೇಲೆ ಉಬ್ಬರದ ಜೊತೆ ಸಮುದ್ರದ ನೀರು ಒಳಗೆ ಏರುತ್ತದೆ. ಅದರ ಮೊದಲ ಉಪ್ಪು ದೇವುವಿನ ನಾಲಗೆಗೆ ಸಿಕ್ಕ ದಿನ ಆ ನೀರು ತಡೆಯಲು ಕಿಂಡಿಗಳಿಗೆ ಹಲಗೆ ಇಳಿಸುವುದು ಊರಿನ ಕ್ರಮ. ಅವನಿಗಿಂತ ಮೊದಲು ಅಪ್ಪ ಚಂದಯ್ಯ ರುಚಿ ನೋಡುತ್ತಿದ್ದ. ಊರಿಗೆ ಅವರ ನೆರಳು ಬೇಡ, ನಾಲಗೆ ಬೇಕು.

ಈ ವರ್ಷ ಹಲಗೆ ಇಳಿಯುವುದು ರಾಜೀವನಿಗೆ ಬೇಡವಾಗಿತ್ತು. ಅಣೆಕಟ್ಟಿನ ಮೇಲಿನ ಗದ್ದೆಗಳನ್ನು ಅಗೆದು ಅವನು ಸಿಗಡಿ ಕೆರೆ ಮಾಡಿದ್ದ. ಸಿಗಡಿಗೆ ಉಪ್ಪುನೀರು ಬೇಕು. ಆ ಕೆರೆಯ ಪಕ್ಕದಲ್ಲೇ ದೇವುವಿನ ಕೇರಿಯ ಹನ್ನೊಂದು ಮನೆಗಳ ಒಂದೇ ಬಾವಿ. ಬಾವಿಕಟ್ಟೆಯ ಬಸಳೆ ಬಾಡಿತು, ಬಾವಿಯೊಳಗಿನ ಕಪ್ಪೆಗಳು ಕಾಣೆಯಾದವು. ಅದಕ್ಕೇ ಹಲಗೆ ಬೇಗ ಇಳಿಸಿ ಎಂದು ಕೇರಿಯವರು ಅರ್ಜಿ ಕೊಟ್ಟಿದ್ದರು.

"ಬಸಳಿ ಬಾಡ್ರೆ ಉಪ್ಪಾ? ತೆಂಗಿನ್ ಮರ ಹಸ್ರಾಗೇ ಇತ್ತಲೆ! ತೆಂಗಿನ್ ಬುಡಕ್ಕೆ ನಾವೇ ಉಪ್ಪ್ ಹಾಕುದಿಲ್ಯಾ?" ಎಂದ ರಾಜೀವ.

"ತೆಂಗ್ ತಡ್ಕಣತ್ ಒಡೇರೆ. ಬಸಳಿ ತಡ್ಕಂತಿಲ್ಲೆ."

"ಬಾಯ್ ಮುಚ್ಚಿ ಕುಡಿಯಾ, ಬೋಳಿಮಗ್ನೆ."

ರಾಜೀವ ಗುಡಿಸಲು ಕಿತ್ತೆಸೆದರೂ ಸರಿ, ಉಪ್ಪು ಎಂದೇ ಹೇಳುತ್ತೇನೆ ಎಂದುಕೊಂಡು ದೇವು ನೀರಿಗಿಳಿದಿದ್ದ. ಬೊಗಸೆ ತುಂಬಿ ಬಾಯಿಗೆ ಹಾಕಿದ. ಉಪ್ಪಿಲ್ಲ. ಮತ್ತೊಮ್ಮೆ ನೋಡಿದ. ಇಲ್ಲವೇ ಇಲ್ಲ. ಹಾಳಾದ ನಾಲಗೆಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಸಪ್ಪೆ," ಎಂದ.

ರಾಜೀವ ಹೊಟ್ಟೆ ಕುಲುಕಿಸಿ ನಕ್ಕ. ಯತೀಶ್ ಬರೆದುಕೊಂಡ: ಇನ್ನೊಂದು ತಿಂಗಳು ಹಲಗೆ ಬೇಡ.

ಮನೆಗೆ ಬಂದರೆ, ಸಿದ್ದಾಪುರಕ್ಕೆ ಮದುವೆಯಾಗಿ ಹೋದ ಮಗಳು ಧನ್ಯಶ್ರೀ ಬಸ್ಸಿಳಿದು ಬಂದು ಗಂಜಿಗೆ ಕೂತಿದ್ದಳು. ಒಂದು ಗುಟುಕು ಕುಡಿದವಳೇ ಅಂಗಳಕ್ಕೆ ಓಡಿ ಉಗಿದಳು.

"ಅಬ್ಬಿ, ಗಂಜಿಗೆ ಎಷ್ಟ್ ಉಪ್ಪ್ ಸುರ್ದಿದ್ಯೇ?"

ತಾಯಿ ಸೀತು ಕಣ್ಣು ಕಣ್ಣು ಬಿಟ್ಟಳು. "ಉಪ್ಪಾ? ಭರಣಿ ಖಾಲಿಯಾಯ್ ನಾಕ್ ದಿನ ಆಯ್ತ್. ಹಾಕ್ಲೇ ಇಲ್ಲ. ನಿನ್ ಅಪ್ಪಯ್ಯನೂ ಸಪ್ಪೆ ಅಂತ ಹೇಳ್ಲಿಲ್ಲ."

ದೇವುವಿಗೆ ಆಗ ಹೊಳೆಯಿತು. ಬಾವಿಯ ನೀರು ದಿನಕ್ಕಿಷ್ಟಿಷ್ಟೇ ಉಪ್ಪಾಗಿತ್ತು, ಅದರ ಜೊತೆ ಅವನ ನಾಲಗೆಯೂ ಒಗ್ಗಿಹೋಗಿತ್ತು. ಬಸಳೆ ಬಾಡಿಯಾದರೂ ಹೇಳಿತು. ನಾನು ಮನುಷ್ಯನಾಗಿ ಹುಟ್ಟಿಯೂ ಕುಡಿದುಕೊಂಡೇ ಇದ್ದೆ. ಅವನಿಗೆ ನಾಚಿಕೆಯಾಯಿತು, ಆಮೇಲೆ ಮೈಯೆಲ್ಲ ಉರಿಯಿತು.

"ಹಲ್ಗಿ ಹೊರಿ," ಎಂದ ಸೀತುವಿಗೆ.

ರಾಜೀವನ ಮನೆಯಲ್ಲಿ ಎಳನೀರು ಕುಡಿದು ಯತೀಶ್ ಜೀಪು ಹತ್ತುವ ಹೊತ್ತಿಗೆ ಮೊದಲ ಕಿಂಡಿಯಲ್ಲಿ ಎರಡು ಹಲಗೆ ಇಳಿದಿದ್ದವು. ರಾಜೀವ ಓಡಿಬಂದ, ಹಿಂದೆಯೇ ಯತೀಶ್.

"ಸಪ್ಪೆ ಅಂದವ ನೀನೇ ಅಲ್ದನಾ! ಬರ್ದ್ ಆಯ್ತ್!"

"ನನ್ ನಾಲ್ಗಿ ಸತ್ತಿತ್ ಒಡೇರೆ. ನಿಮ್ದ್ ಜೀವ ಇತ್ತಲೆ, ಕುಡ್ದ್ ಕಾಣಿ." ದೇವು ಮನೆಯಿಂದ ತಂದಿದ್ದ ಬಾವಿನೀರಿನ ಚೊಂಬು ಎತ್ತಿ ಹಿಡಿದ.

"ನಿನ್ ಕೈ ನೀರ್ ನಾನ್ ಕುಡೂದಾ? ಥೂ!"

ದೇವು ಚೊಂಬನ್ನು ಯತೀಶನತ್ತ ತಿರುಗಿಸಿದ. ಯತೀಶ್ ಮೊಬೈಲು ತೆಗೆದು ನೋಡತೊಡಗಿದ.

"ಪೊಲೀಸರಿಗ್ ಹೇಳ್ತೆ! ನಾಳಿಗೆ ನಿನ್ ಮನಿ ಇರುದಿಲ್ಲೆ!" ಎಂದು ರಾಜೀವ ಕಿರುಚಿದ.

ಉಬ್ಬರ ಏರುತ್ತಿತ್ತು. ದೇವು ಹಲಗೆಗೆ ಬೆನ್ನು ಕೊಟ್ಟು, ಸಂದಿಗೆ ಮಣ್ಣು ಮೆತ್ತಿ, ದಂಡೆಯ ಮೇಲಿದ್ದ ಹೆಂಡತಿಗೆ ಕೈ ಚಾಚಿದ.

"ಸೀತೂ, ಇನ್ನೊಂದ್ ಕೊಡ್."